ಬೆನ್ನಿನ ಸೆರಗು

ನನ್ನ ಅತ್ತೆ ಕದಿರಮ್ಮನಿಗೆ ಭಯ ಹುಟ್ಟಿಸದ ವಸ್ತು ಈ ಭೂಮಿಯ ಮೇಲೆ ಒಂದಾದರೂ ಇದ್ದರೆ ದಯವಿಟ್ಟು ಯಾರಾದರೂ ನನಗೆ ತೋರಿಸಿ. ಕುಕ್ಕರ್ ಕೂಗಿದರೆ ಭಯ, ಕೂಗದಿದ್ದರೆ ಇನ್ನೂ ಭಯ. ಲಿಫ್ಟ್ ಬೇಡವೆಂದು ಮೆಟ್ಟಿಲು ಹತ್ತುತ್ತಾರೆ, ಹತ್ತುವಾಗ ಗೋಡೆ ಬಿಡುವುದಿಲ್ಲ. ಮದುವೆಯಾಗಿ ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಬಂದ ಹೊಸದರಲ್ಲಿ ಒಂದು ದಿನ ನಾನು ತಲೆಗೆ ಸ್ನಾನ ಮಾಡಿ ಕೂದಲು ಹರವಿಕೊಂಡು ಕೆಳಗಿಳಿದೆ. ಅವರು ಕೈಯಲ್ಲಿದ್ದ ಮೊರವನ್ನು ಅಲ್ಲೇ ಬಿಸಾಕಿ ಓಡಿ ಬಂದು ನನ್ನ ಕೂದಲನ್ನು ಮುಷ್ಟಿಯಲ್ಲಿ ಹಿಡಿದರು. ಮದುವೆಯಾಗಿ ವಾರ ಕಳೆದಿಲ್ಲ, ಆಗಲೇ ಅತ್ತೆ ಜುಟ್ಟಿಗೆ ಕೈ ಹಾಕಿದರಲ್ಲ ಅಂತ ನನಗೆ ಜೀವವೇ ಹೋಯಿತು. ಹೊಡೆಯಲಿಲ್ಲ. ಗಂಟು ಹಾಕಿದರು. ತಮ್ಮ ತಲೆಗೆ ಕಟ್ಟಿಕೊಂಡಿದ್ದ ಬಟ್ಟೆ ಬಿಚ್ಚಿ ನನ್ನ ತಲೆಗೆ ಕಟ್ಟಿದರು. ಆಗ ನೋಡಿದೆ. ಬಲಗಿವಿಯ ಹಿಂದೆ ಅಂಗೈಯಗಲದ ಜಾಗದಲ್ಲಿ ಅವರಿಗೆ ಕೂದಲೇ ಇರಲಿಲ್ಲ. ಚರ್ಮ ನುಣ್ಣಗೆ ಹೊಳೆಯುತ್ತಿತ್ತು.

"ಮಗ್ಗ ತಗೊಂಡಿದ್ದು," ಅಂದರು. ಅಷ್ಟೇ.

ನಮ್ಮ ಮನೆಯ ಕೆಳಗಡೆ ನಾಲ್ಕು ಪವರ್‌ಲೂಮ್, ಮೇಲ್ಗಡೆ ನಾವು ಮೂರು ಜನ. ಅತ್ತೆ, ಅವರ ಒಬ್ಬನೇ ಮಗ ಅಂಜನ್ ಅಂದರೆ ನನ್ನ ಗಂಡ, ಮತ್ತು ಮೋನಿಷಾ ಎಂಬ ನಾನು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಬೀದಿಯ ಎರಡೂ ಕಡೆ ಎಲ್ಲ ಮನೆಗಳೂ ಹೀಗೇ, ಕೆಳಗೆ ಮಗ್ಗದ ಶೆಡ್ಡು, ಮೇಲೆ ಸಂಸಾರ. ಬೆಳಗಾದರೆ ಶುರುವಾಗುವ ಸದ್ದು ಗೋಡೆ, ನೆಲ, ಮಂಚ ಎಲ್ಲದರೊಳಗೂ ನಡುಗುತ್ತಿರುತ್ತದೆ. ಶೆಡ್ಡಿನೊಳಗೆ ಬಾಯಿಗೆ ಕೆಲಸವಿಲ್ಲ, ಮಾತೆಲ್ಲ ಕೈಸನ್ನೆಯಲ್ಲಿ. ಹೊರಗೆ ಬಂದರೂ ನಮ್ಮವರು ಪಿಸುಮಾತನ್ನೂ ಕೂಗಿಯೇ ಆಡುತ್ತಾರೆ. ಹೊಸಬರಿಗೆ ಮೊದಲು ತಲೆನೋವು ಬರುತ್ತದೆ, ಆಮೇಲೆ ರೂಢಿಯಾಗುತ್ತದೆ. ನನಗೂ ರೂಢಿಯಾಯಿತು.

ಅತ್ತೆಗೆ ಆ ಸದ್ದಿನ ಭಯವಿಲ್ಲ. ಸದ್ದು ನಿಂತರೆ ಭಯ. ಜಡೆ ಮಗ್ಗದ ತಿರುಗುವ ಶಾಫ್ಟಿಗೆ ಸುತ್ತಿಕೊಂಡಾಗ ಅವರಿಗಿನ್ನೂ ಮದುವೆಯೂ ಆಗಿರಲಿಲ್ಲವಂತೆ. ಯಾರದೋ ಶೆಡ್ಡಿಗೆ ಕೂಲಿಗೆ ಹೋಗಿದ್ದರು. ಕೂಗಿದ್ದು ಒಬ್ಬರಿಗೂ ಕೇಳಿಸಲಿಲ್ಲ. ಪಕ್ಕದ ಮಗ್ಗದವಳು ಅಕಸ್ಮಾತ್ ತಿರುಗಿ ನೋಡಿ, ಓಡಿಹೋಗಿ ಮೇನ್ ಸ್ವಿಚ್ ಆರಿಸಿದಾಗ ಎಲ್ಲ ಮಗ್ಗಗಳೂ ಒಟ್ಟಿಗೆ ನಿಂತವು. "ಆಗ ನನ್ ಕೂಗು ನಂಗೇ ಕೇಳಿಸ್ತು ಕಣೇ," ಅಂತ ಒಂದು ಸಲ ಹೇಳಿದ್ದರು. ಇನ್ನೊಂದು ಸಲ ಕೇಳುವ ಧೈರ್ಯ ನನಗಿಲ್ಲ. ಆವತ್ತಿನಿಂದ ಇಂದಿನವರೆಗೆ ಅವರಿಗೆ ಇರುವುದು ಒಂದೇ ಚಿಂತೆ: ಮಗ್ಗ ಇನ್ನೊಬ್ಬರನ್ನು ತಗೊಳ್ಳಬಾರದು. ಅದರಲ್ಲೂ ಅಂಜನ್‌ನನ್ನು.

ಇಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಸೂಪರ್‌ಹೀರೋ ಸಿನಿಮಾ ಅಂದರೆ ಹುಚ್ಚು. ಇಂಗ್ಲಿಷಿನದು ಕನ್ನಡಕ್ಕೆ ಡಬ್ ಆಗಿರಲಿ, ತೆಲುಗಿನದಿರಲಿ, ಬಂದ ದಿನವೇ ನೋಡಬೇಕು. ಒಬ್ಬನೇ ಹೋಗಿ ನೋಡಿಕೊಂಡು ಬಂದರೆ ನಮಗೇನು? ಇಲ್ಲ, ಮನೆಯವರೆಲ್ಲ ಹೊರಡಬೇಕು. "ಅಮ್ಮಂಗೆ ಸ್ವಲ್ಪ ಧೈರ್ಯ ಬರ್ಲಿ ಅಂತ ಕಣೇ," ಅನ್ನುತ್ತಾನೆ. ನಾನು ಮದುವೆಗೆ ಮೊದಲು ಏರ್‌ಪೋರ್ಟ್ ಹತ್ತಿರದ ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಮಾಡುತ್ತಿದ್ದವಳು, ರೂಮುಗಳ ಟೀವಿಯಲ್ಲಿ ಇವನ್ನೆಲ್ಲ ತುಂಡುತುಂಡಾಗಿ ನೋಡಿ ಮುಗಿಸಿದ್ದೆ. ಎಷ್ಟು ರೂಮಿನಲ್ಲಿ ಎಷ್ಟು ಸಿನಿಮಾದ ತುಂಡು ನೋಡಿದರೂ ಒಂದೇ ಸಿನಿಮಾ ನೋಡಿದ ಹಾಗಿತ್ತು ಅಂದರೆ ನಂಬಿ. ಆಕಾಶದಲ್ಲಿ ತೂತು ಬೀಳುತ್ತದೆ. ಅದರೊಳಗಿಂದ ಏನೋ ದರಿದ್ರ ಇಳಿಯುತ್ತದೆ. ಬಿಲ್ಡಿಂಗುಗಳು ಉರುಳುತ್ತವೆ, ನಡುರಸ್ತೆಯಲ್ಲಿ ಒಂದು ಮಗು ಗೊಂಬೆ ಹಿಡಿದು ಅಳುತ್ತಾ ನಿಂತಿರುತ್ತದೆ. ಹೀರೋ ಬೀಳುತ್ತಾನೆ, ಸತ್ತ ಅನ್ನಿಸುತ್ತದೆ, ಎಲ್ಲ ಸದ್ದೂ ನಿಲ್ಲುತ್ತದೆ. ಆಮೇಲೆ ಬೆರಳು ಅಲ್ಲಾಡುತ್ತದೆ. ಬೆರಳು ಅಲ್ಲಾಡುವುದನ್ನು ನೋಡಲು ಇವನು ನಮ್ಮನ್ನು ಟಿಕೆಟ್ ಕೊಂಡು ಕೂರಿಸುತ್ತಾನೆ.

ಆ ಸದ್ದು ನಿಲ್ಲುವ ಗಳಿಗೆಯಲ್ಲಿ ನಮ್ಮೂರಿನ ಥಿಯೇಟರನ್ನು ನೀವು ನೋಡಬೇಕು. ಅರ್ಧ ಜನ ತಲೆಯೆತ್ತಿ ಫ್ಯಾನ್ ನೋಡುತ್ತಾರೆ. ಮಗ್ಗದವರಲ್ಲವೇ, ಸದ್ದು ನಿಂತಿತು ಅಂದರೆ ಕರೆಂಟ್ ಹೋಯಿತು ಅಂತಲೇ ಲೆಕ್ಕ. ಹಿಂದಿನ ಸಾಲಿನಿಂದ ಯಾರಾದರೂ "ಹೋಯ್ತಾ?" ಅಂತ ಕೇಳಿಯೇ ಕೇಳುತ್ತಾರೆ. ಪರದೆಯ ಮೇಲೆ ಜಗದೇಕವೀರ ಸಾಯುತ್ತಿರುತ್ತಾನೆ, ಇಲ್ಲಿ ಎಲ್ಲರೂ ಗೊಳ್ಳೆಂದು ನಗುತ್ತಾರೆ. ಅತ್ತೆ ಮಾತ್ರ ನಗುವುದಿಲ್ಲ. ನನ್ನ ಕೈ ಹಿಡಿದುಕೊಂಡಿರುತ್ತಾರೆ, ಉಗುರು ಇಳಿಯುವ ಹಾಗೆ.

ಅವರಿಗೆ ಕಥೆ ಬೇಕಿರಲಿಲ್ಲ, ಹಾರಾಟವೂ ಬೇಕಿರಲಿಲ್ಲ. ಅವರ ಕಣ್ಣೆಲ್ಲ ಹೀರೋ ಬೆನ್ನಿನ ಮೇಲೆ ಪಟಪಟ ಹಾರುವ ಆ ಉದ್ದನೆಯ ಬಟ್ಟೆಯ ಮೇಲೆ. ಅಂಜನ್ ಅದನ್ನು ಕೇಪ್ ಅನ್ನುತ್ತಾನೆ. ಅತ್ತೆ ಮೊದಲ ದಿನವೇ ಅದಕ್ಕೆ ಬೆನ್ನಿನ ಸೆರಗು ಅಂತ ಹೆಸರಿಟ್ಟರು. "ಗಂಡಸಿಗ್ಯಾಕೆ ಸೆರಗು? ಹೋಗ್ಲಿ ಇಟ್ಕೊಂಡ, ಸೊಂಟಕ್ಕಾದ್ರೂ ಸಿಕ್ಕಿಸ್ಕೋಬಾರ್ದಾ?" ಅಂತ ಕೂಗಿಯೇ ಹೇಳಿದರು, ಮುಂದಿನ ಮೂರು ಸಾಲು ತಿರುಗಿ ನೋಡಿತು. ಅವನು ವಿಮಾನದ ರೆಕ್ಕೆಯ ಪಕ್ಕ ಹಾರಿದರೆ ಅತ್ತೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಫ್ಯಾಕ್ಟರಿಯೊಳಗೆ ತಿರುಗುವ ಚಕ್ರಗಳ ನಡುವೆ ಹೊಡೆದಾಟ ಶುರುವಾದರೆ ಅವರ ಕೈ ತಾನೇ ತಾನಾಗಿ ಕಿವಿಯ ಹಿಂದೆ ಹೋಗುತ್ತದೆ. ಎರಡೂವರೆ ಗಂಟೆ ಆ ಹೆಂಗಸು ಉಸಿರು ಬಿಗಿ ಹಿಡಿದು ಕೂತಿರುತ್ತಾರೆ, ಈಗ ಸಿಕ್ಕಿಕೊಳ್ಳುತ್ತದೆ, ಈಗ ಸಿಕ್ಕಿಕೊಳ್ಳುತ್ತದೆ ಅಂತ. ಸಿಕ್ಕಿಕೊಳ್ಳುವುದೇ ಇಲ್ಲ. ಯಾವ ಸಿನಿಮಾದಲ್ಲೂ, ಯಾವ ಹೀರೋಗೂ.

ಸಿಕ್ಕಿಕೊಳ್ಳಲಿಲ್ಲವಲ್ಲ ಅಂತ ಸಮಾಧಾನ ಪಡಬೇಕು ತಾನೇ? ಹೊರಗೆ ಬಂದು ಬೈಯುತ್ತಿದ್ದರು. "ಬರೀ ಸುಳ್ಳು ಹೇಳ್ತಾರೆ ಕಣೇ. ಅಷ್ಟು ಉದ್ದ ಬಟ್ಟೆ, ಅಷ್ಟೊಂದು ಮಿಷನ್ನು. ಒಂದ್ಸಲ, ಒಂದೇ ಒಂದ್ಸಲ ಸಿಗ್ಲಿ. ಅಯ್ಯೋ ಅಂತ ಅವ್ನೂ ಕೂಗ್ಲಿ. ಆಗ ನಂಬ್ತೀನಿ."

"ಅಮ್ಮಾ, ಅವ್ನು ಸೂಪರ್‌ಹೀರೋ ಕಣಮ್ಮಾ," ಅಂತ ಅಂಜನ್ ನಗುತ್ತಿದ್ದ.

"ಆದ್ರೆ? ಬಟ್ಟೆ ಬಟ್ಟೆ ಅಲ್ವೇನೋ?"

ನನಗೂ ಈ ಸಿನಿಮಾಗಳ ಮೇಲೆ ಸಿಟ್ಟಿತ್ತು, ಆದರೆ ನನ್ನದು ಬೇಜಾರಿನ ಸಿಟ್ಟು. ಅವರದು ಮೋಸಹೋದವರ ಸಿಟ್ಟು. ಪ್ರತಿ ಸಲವೂ ಹೊಸದಾಗಿ ಹೆದರುತ್ತಿದ್ದರು, ಪ್ರತಿ ಸಲವೂ ಆ ಹೆದರಿಕೆ ದಂಡವಾಗುತ್ತಿತ್ತು.

ಹೋದ ವರ್ಷ ಬೇಸಿಗೆಯಲ್ಲಿ ಇಂಥದ್ದೇ ಇನ್ನೊಂದು ದೊಡ್ಡ ಸಿನಿಮಾ ಬಂತು. ಥಿಯೇಟರಿನ ಮ್ಯಾನೇಜರ್ ಕಲೀಮುಲ್ಲಾ ಸಾಬರಿಗೆ ಅಂಜನ್‌ನ ಹುಚ್ಚು ಗೊತ್ತು. "ಹೀರೋ ಡ್ರೆಸ್ ಹಾಕ್ಕೊಂಡು ಗೇಟಲ್ಲಿ ನಿಂತ್ಕೊಳ್ಳೋ ಅಂಜನ್, ಪಬ್ಲಿಕ್ ಜೊತೆ ಫೋಟೋ ತಗೋ," ಅಂದರು. ಇವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಡ್ರೆಸ್ಸು ಬೆಂಗಳೂರಿನಿಂದ ತಂದ. ಕೇಪು ಮಾತ್ರ ಅಲ್ಲಿಯದು ಚೆನ್ನಾಗಿಲ್ಲವಂತೆ. ನಮ್ಮದೇ ಮಗ್ಗದಲ್ಲಿ ಸೀರೆಗೆ ಅಂತ ಓಡುತ್ತಿದ್ದ ನೇರಳೆ ಪಾಲಿಸ್ಟರ್ ಬಟ್ಟೆಯಲ್ಲಿ ಎರಡು ಗಜ ಕತ್ತರಿಸಿಕೊಂಡು, ಹೊಲಿದುಕೊಡು ಅಂತ ಅಮ್ಮನ ಮುಂದೆ ಹಿಡಿದ.

"ನಾನ್ ಹೊಲಿಯಲ್ಲ," ಅಂದರು ಅತ್ತೆ.

"ಶೆಡ್ ಒಳಗೆ ಹಾಕ್ಕೊಳ್ಳಲ್ಲಮ್ಮಾ, ನಿನ್ನಾಣೆ."

ಆಣೆ ಹಾಕಿದ ಮೇಲೆ ಕೂತು ಹೊಲಿದರು. ಹೊಲಿದದ್ದು ಹೇಗೆ? ಭುಜದ ಹತ್ತಿರ ಬರೀ ಟಾಕು. ಎಳೆದರೆ ಕಳಚಿಕೊಳ್ಳಬೇಕು, ಹಾಗೆ. ನನಗೆ ಕಣ್ಣು ಮಿಟುಕಿಸಿ, ಹೇಳಬೇಡ ಅಂತ ಸನ್ನೆ ಮಾಡಿದರು. ನಾನು ಹೇಳಲಿಲ್ಲ.

ಮೊದಲ ದಿನದ ಮೊದಲ ಶೋಗೆ ಹುಡುಗರು ಅಂಜನ್‌ನನ್ನು ಹೆಗಲ ಮೇಲೆ ಎತ್ತಿಕೊಂಡರು, ಯಾರೋ ಕೇಪು ಹಿಡಿದರು, ಅದು ಸರ್ರನೆ ಕಿತ್ತುಬಂತು. ಕೆಳಗೆ ಬಿದ್ದದ್ದರ ಮೇಲೆ ಒಂದು ಬೈಕು ಹತ್ತಿಹೋಯಿತು. ಸೀಟಿ, ಕೇಕೆ, ಮೊಬೈಲುಗಳು. "ಹೀರೋ ಸೆರಗು ಜಾರ್ತು ಗುರು!" ಅಂತ ಊರೆಲ್ಲ ಆಡಿಕೊಂಡಿತು. ಮನೆಗೆ ಬಂದವನು ತಾಯಿಯ ಜೊತೆ ಮಾತಾಡಲಿಲ್ಲ. ಬಟ್ಟೆ ಒಗೆದು, ನೇರ ಟೈಲರ್ ಹತ್ತಿರ ಹೋಗಿ ಡಬಲ್ ಹೊಲಿಗೆ ಹಾಕಿಸಿದ. ಭುಜಕ್ಕೆ ಸಾಲದು ಅಂತ ಕುತ್ತಿಗೆಯ ಸುತ್ತ ಒಂದು ಪಟ್ಟಿ ಇಡಿಸಿ ಹುಕ್ಕು ಹಾಕಿಸಿಕೊಂಡ. ಅದನ್ನು ಅತ್ತೆ ನೋಡಿದರು. ಆ ರಾತ್ರಿ ಊಟ ಮಾಡಲಿಲ್ಲ.

ನಮ್ಮ ಬೀದಿಯ ಒಂದು ರೂಢಿ ಇಲ್ಲಿ ಹೇಳಬೇಕು. ಕರೆಂಟ್ ಹೋದರೆ ಯಾರೂ ಸ್ವಿಚ್ ಆರಿಸುವುದಿಲ್ಲ. ಮಗ್ಗ ಓಡಿಸುವ ಹಿಡಿಯನ್ನೂ ತೆಗೆಯುವುದಿಲ್ಲ. ಎಲ್ಲ ಇದ್ದ ಹಾಗೇ ಬಿಟ್ಟು ಜಗಲಿಗೆ ಬಂದು ಕೂತು ಟೀ ಕುಡಿಯುತ್ತಾರೆ. ಕರೆಂಟ್ ಬಂದ ತಕ್ಷಣ ಮಗ್ಗ ತಾನೇ ಕೂಗಿ ಕರೆಯುತ್ತದೆ, ಒಂದು ಗಳಿಗೆಯೂ ಹಾಳಾಗುವುದಿಲ್ಲ ಅಂತ. ಸ್ವಿಚ್ ಆರಿಸುತ್ತಿದ್ದವರು ಇಡೀ ಬೀದಿಗೆ ಅತ್ತೆ ಒಬ್ಬರೇ. ಅದಕ್ಕೂ ಅಂಜನ್ ಹತ್ತಿರ ಬೈಸಿಕೊಳ್ಳುತ್ತಿದ್ದರು. "ಆರಿಸ್ಬಿಡ್ತೀಯ, ಕರೆಂಟ್ ಬಂದಿದ್ದೇ ಗೊತ್ತಾಗಲ್ಲ, ಎಲ್ರೂ ನೇಯ್ತಿರ್ತಾರೆ, ನಾವು ಆಕಳಿಸ್ಕೊಂಡು ಕೂತಿರ್ತೀವಿ," ಅಂತ.

ಆ ಭಾನುವಾರ ಸಂಜೆ ಕರೆಂಟ್ ಹೋದಾಗ ಅತ್ತೆ ಮನೆಯಲ್ಲಿರಲಿಲ್ಲ, ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದರು. ನಾನು ಮೇಲೆ ಅಡುಗೆಮನೆಯಲ್ಲಿದ್ದೆ. ನಮ್ಮ ಶೆಡ್ಡಿನ ಕೂಲಿಯವರು ಸ್ವಿಚ್ ಆರಿಸದೆ ಟೀಗೆ ಹೋಗಿದ್ದರು. ಅಂಜನ್ ಮ್ಯಾಟಿನಿ ಶೋ ಮುಗಿಸಿಕೊಂಡು ಡ್ರೆಸ್ಸಿನಲ್ಲೇ ಬಂದ. ಪಕ್ಕದ ಮನೆಯ ಸೊಣ್ಣಮ್ಮನ ಮಗಳು ಕೀರ್ತನ, ಪಿಯುಸಿ ಓದುವ ಹುಡುಗಿ, ಬೀದಿಯ ನಾಲ್ಕಾರು ಚಿಳ್ಳೆಪಿಳ್ಳೆಗಳನ್ನು ಕಟ್ಟಿಕೊಂಡು ಇವನನ್ನು ಮುತ್ತಿದಳು. "ಅಣ್ಣಾ, ಮಗ್ಗದ ಮಧ್ಯೆ ನಿಂತ್ಕೋ ಅಣ್ಣಾ, ಬ್ಯಾಕ್‌ಗ್ರೌಂಡ್ ಸಖತ್ತಾಗಿರುತ್ತೆ. ರೀಲ್ ಮಾಡ್ತೀನಿ."

ಮಗ್ಗ ನಿಂತಿದೆ, ಕರೆಂಟಿಲ್ಲ, ಇನ್ನೇನು ಭಯ? ತಾಯಿಯ ಮೇಲಿನ ಆಣೆ ಮರೆತುಹೋಯಿತು. ಎರಡು ಮಗ್ಗಗಳ ಸಂದಿಯಲ್ಲಿ ಹಲಗೆ ಹತ್ತಿ, ಕೈಕಟ್ಟಿ, ಎದೆಯುಬ್ಬಿಸಿ ನಿಂತ. ಬೆನ್ನಿನ ಸೆರಗು ಹಿಂದೆ ಜೋತು ಚಕ್ರದ ಪಕ್ಕದ ಶಾಫ್ಟಿನ ಮೇಲೆ ಬಿದ್ದಿತ್ತು.

ಮೇಲಿದ್ದ ನನಗೆ ಕಾಲಡಿಯ ನೆಲ ನಡುಗಿದ್ದು ಗೊತ್ತಾಯಿತು. ಕರೆಂಟ್ ಬಂತು ಅಂದುಕೊಂಡೆ. ನಾಲ್ಕಾರು ಏಟು ಬಿದ್ದಿರಬೇಕು ಅಷ್ಟೆ, ಮತ್ತೆ ನಿಂತಿತು. ಹೀಗೆ ಬಂದು ಹಾಗೆ ಹೋಗುವುದು ನಮ್ಮಲ್ಲಿ ದಿನವೂ ಇದ್ದದ್ದೇ. ಕೆಳಗೆ ಮಕ್ಕಳು ಚಪ್ಪಾಳೆ ಹೊಡೆದರು. "ಸೂಪರ್ ಅಣ್ಣಾ! ಸಖತ್ ಆಕ್ಟಿಂಗು!" ಅಂತ ಕೀರ್ತನ ಕೂಗಿದ್ದು ಕೇಳಿಸಿತು. ನಾನು ಸೌಟು ಹಿಡಿದುಕೊಂಡೇ ಮೆಟ್ಟಿಲಿಳಿದೆ, ಅದೇನು ಆಟ ನೋಡೋಣ ಅಂತ.

ಅವನು ಕೈ ಚಾಚಿಕೊಂಡಿದ್ದ. ತಲೆ ಹಿಂದಕ್ಕೆ ಬಾಗಿತ್ತು, ಬಾಯಿ ತೆರೆದಿತ್ತು. ಪ್ರತಿ ಸಿನಿಮಾದಲ್ಲೂ ಹೀರೋ ಸಾಯುತ್ತಾನಲ್ಲ, ಥೇಟ್ ಹಾಗೆ. ಮಕ್ಕಳು ನಗುತ್ತಾ ಕಾಯುತ್ತಿದ್ದವು, ಈಗ ಏಳುತ್ತಾನೆ ಅಂತ. ಕೀರ್ತನ ಮೊಬೈಲ್ ಹಿಡಿದು ಇನ್ನೂ ಹತ್ತಿರ ಹೋದಳು. ದೇವರಾಣೆ, ನಾನೂ ಒಂದು ಗಳಿಗೆ ಹಾಗೇ ಅಂದುಕೊಂಡೆ, ಸುಡುಗಾಡು ನಾಟಕ ಅಂತ. ಆಮೇಲೆ ಅವನ ಕಾಲು ನೋಡಿದೆ. ಕಾಲು ಹಲಗೆಯ ಮೇಲಿರಲಿಲ್ಲ. ಹಲಗೆಯನ್ನು ಹುಡುಕುತ್ತಿತ್ತು.

ನಾನು ಚೀರುವುದಕ್ಕೂ ಅತ್ತೆ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಕರೆಂಟಿಲ್ಲದೆ ಮಿಲ್ಲಿನಿಂದ ಹಾಗೇ ವಾಪಸು ಬಂದಿದ್ದರು. ರಾಗಿಯ ಚೀಲ ಹೊಸ್ತಿಲ ಮೇಲೆ ಬಿತ್ತು. ಅವರು ಮಗನ ಕಡೆ ಹೋಗಲಿಲ್ಲ. ನೆಟ್ಟಗೆ ಚಕ್ರದ ಹತ್ತಿರ ಹೋಗಿ, ಎರಡೂ ಕೈಯಲ್ಲಿ ಅದನ್ನು ಅಪ್ಪಿ ಹಿಡಿದು, ಕಣ್ಣು ಮುಚ್ಚಿಕೊಂಡರು.

"ಸ್ವಿಚ್ ಆರಿಸ್ರೋ!" ಅಂತ ಕೂಗಿದೆ. ನನ್ನ ಚೀರಾಟಕ್ಕೆ ಅಕ್ಕಪಕ್ಕದವರು ಆಗಲೇ ನುಗ್ಗಿದ್ದರು. ಸೊಣ್ಣಮ್ಮ, ಅವಳ ಗಂಡ, ಎದುರು ಮನೆಯವರು. ಬಾಗಿಲ ಪಕ್ಕ, ಸ್ವಿಚ್‌ಬೋರ್ಡಿನ ಕೆಳಗೇ ನಿಂತಿದ್ದವನೊಬ್ಬ ನನ್ನ ಮುಖ ನೋಡಿ, "ಕರೆಂಟೇ ಇಲ್ವಲ್ಲಮ್ಮಾ," ಅಂದ. ಅವನ ತಪ್ಪಲ್ಲ. ಹುಟ್ಟಿದಾಗಿನಿಂದ ಕರೆಂಟಿಲ್ಲದಾಗ ಸ್ವಿಚ್ ಮುಟ್ಟಿದವನಲ್ಲ. ಎಲ್ಲರೂ ಶಾಫ್ಟಿಗೆ ಸುತ್ತಿಕೊಂಡಿದ್ದ ಬಟ್ಟೆ ಎಳೆಯುತ್ತಿದ್ದರು, ಒಬ್ಬರ ಮೇಲೊಬ್ಬರು ಬಿದ್ದು ಹೇಳಿಕೊಡುತ್ತಿದ್ದರು. ಇನ್ನೊಂದು ಸಲ ಕರೆಂಟ್ ಬಂದರೆ ಏನಾಗುತ್ತದೆ ಅನ್ನುವುದು ಆ ಜನದಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ಬಾಗಿಲ ಪಕ್ಕದವನನ್ನು ದೂಡಿ, ನೂಲಿನ ಮೂಟೆ ಹತ್ತಿ, ಮೇನ್ ಎಳೆದು ಕೆಳಗೆ ಹಾಕಿದೆ.

ಬಟ್ಟೆ ಹರಿಯಲಿಲ್ಲ. ನಮ್ಮ ಮಗ್ಗದ ನೇಯ್ಗೆ, ಹರಿಯುತ್ತದೆಯೇ? ಹುಕ್ಕು ಅಂಜನ್ ಕುತ್ತಿಗೆಯ ಮಾಂಸದೊಳಗೆ ಹೂತಿತ್ತು. ಸೊಣ್ಣಮ್ಮ ಸೊಂಟದಿಂದ ನೂಲು ಕತ್ತರಿಸುವ ಪುಟ್ಟ ಕತ್ತರಿ ತೆಗೆದು, ಪಟ್ಟಿಗೂ ಕುತ್ತಿಗೆಗೂ ನಡುವೆ ಅದರ ಮೊನೆ ತೂರಿಸಲು ನೋಡಿದಳು. ಮೊನೆ ಜಾರಿ ಚರ್ಮಕ್ಕೆ ತಾಗಿತು, ರಕ್ತ ಬಂತು. "ಆಗಲ್ಲ ಕಣೇ, ನನ್ ಕೈಲಿ ಆಗಲ್ಲ," ಅಂದಳು. "ಕತ್ತರಿಸು," ಅಂತ ಅವಳ ಮಣಿಕಟ್ಟು ಹಿಡಿದೆ. ಅವನ ಮುಖ ನೇರಳೆಗೆ ತಿರುಗುತ್ತಿತ್ತು. ಕಣ್ಣು ನನ್ನನ್ನೇ ನೋಡುತ್ತಿತ್ತು, ಆದರೆ ನಾನು ಕಾಣುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಪರದೆಯ ಮೇಲೆ ಮ್ಯೂಸಿಕ್ ಏರುತ್ತದೆ. ನಮ್ಮ ಶೆಡ್ಡಿನಲ್ಲಿ ಕತ್ತರಿಯ ಕಿರ್ರ್ ಕಿರ್ರ್ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಪಟ್ಟಿ ಕಡಿಯಿತು. ಅವನು ನೆಲಕ್ಕೆ ಬಿದ್ದು, ಒಂದು ಸಲ ಉಸಿರೆಳೆದ. ಆ ಉಸಿರಿನ ಸದ್ದು ಮನುಷ್ಯರದ್ದಾಗಿರಲಿಲ್ಲ.

ಅಷ್ಟರಲ್ಲಿ ಕರೆಂಟ್ ಬಂತು. ಬೀದಿಯ ಎಲ್ಲ ಶೆಡ್ಡುಗಳೂ ಒಟ್ಟಿಗೆ ಶುರುವಾದವು. ನಮ್ಮ ನಾಲ್ಕು ಮಗ್ಗ ಮಾತ್ರ ನಿಂತಿದ್ದವು, ಆದರೆ ಗೋಡೆಯೆಲ್ಲ ಅದುರುವಾಗ ಕಣ್ಣು ಮುಚ್ಚಿಕೊಂಡವರಿಗೆ ಅದು ಹೇಗೆ ಗೊತ್ತಾಗಬೇಕು? ಅತ್ತೆ ಚಕ್ರವನ್ನು ಎದೆಗೆ ಒತ್ತಿ ಹಿಡಿದು, ಇಡೀ ಮೈಯನ್ನು ಅದರ ಮೇಲೆ ಹಾಕಿದರು. ಅಂಜನ್ ತೆವಳಿಕೊಂಡು ಹೋಗಿ ಅವರ ಪಾದ ಮುಟ್ಟಿದ. ಅಮ್ಮಾ ಅಂದಿರಬೇಕು, ತುಟಿ ಅಲ್ಲಾಡಿದ್ದು ಕಂಡಿತು, ದನಿಯೇ ಇರಲಿಲ್ಲ. ಅವರು ಬಿಡಲಿಲ್ಲ. ಕೊನೆಗೆ ನಾನು ಹಿಂದಿನಿಂದ ಅಪ್ಪಿಕೊಂಡು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ.

ಡಾಕ್ಟರು ದೊಡ್ಡ ಗಂಡಾಂತರ ಕಳೀತು ಅಂದರು. ಕುತ್ತಿಗೆಯ ಸುತ್ತ ಕಪ್ಪು ಗೆರೆ ಉಳಿಯಿತು, ದನಿ ಗೊಗ್ಗರಾಯಿತು. ಬೇಕಾದರೆ ಇಲ್ಲಿಗೆ ಮುಗಿಯಬಹುದಿತ್ತು.

ಮುಗಿಯಲಿಲ್ಲ, ಯಾಕೆಂದರೆ ಗಾಬರಿಯಲ್ಲೂ ಕೀರ್ತನಳ ಮೊಬೈಲು ಓಡುತ್ತಲೇ ಇತ್ತು. ಅವಳ ಗೆಳೆಯರು ಅದನ್ನು ಕತ್ತರಿಸಿ ಜೋಡಿಸಿದರು. ಅಂಜನ್ ನಿಂತಿದ್ದಾನೆ, ಮಗ್ಗ ಢಬಢಬ ಅಂದಿತು, ಅವನನ್ನು ಎಳೆದುಕೊಂಡಿತು, ಮುದುಕಿಯೊಬ್ಬಳು ಓಡಿ ಬಂದು ಬರಿಗೈಯಲ್ಲಿ ಚಕ್ರ ಹಿಡಿದಳು, ಮಗ್ಗ ನಿಂತಿತು. ಹಿಂದೆ ತಮಟೆ, ಕಹಳೆ, ಗುಂಪಾಗಿ ಹಾಡುವ ಗಂಡಸರು. ಮೇಲೆ ದೊಡ್ಡ ಅಕ್ಷರದಲ್ಲಿ, "ನಮ್ಮೂರ ರಿಯಲ್ ಸೂಪರ್‌ಹೀರೋ." ಕರೆಂಟ್ ಹೋದದ್ದು ಅದರಲ್ಲಿಲ್ಲ. ಮೂಟೆ ಹತ್ತಿ ಮೇನ್ ಎಳೆದವಳೂ ಇಲ್ಲ, ಹಾಳಾಗಲಿ ಬಿಡಿ. ಇವರು ನಮ್ಮ ಸಾವುಬದುಕನ್ನೂ ಅದೇ ಹಳೇ ಸಿನಿಮಾ ಮಾಡಿಬಿಟ್ಟಿದ್ದರು, ಕೊನೆಯ ಗಳಿಗೆಯಲ್ಲಿ ಯಾರೋ ಬಂದೇ ಬರುತ್ತಾರೆ ಅನ್ನುವ ಸಿನಿಮಾ.

ಜನ ನೋಡಲು ಬಂದರು. ಕಲೀಮುಲ್ಲಾ ಸಾಬರು ಥಿಯೇಟರಿನಲ್ಲಿ ಶಾಲು ಹೊದಿಸುತ್ತೇವೆ ಅಂದರು. ಎಲ್ಲಕ್ಕಿಂತ ಕಷ್ಟವೆಂದರೆ ಅಂಜನ್ ಕೂಡ ಅದನ್ನು ನಂಬಿದ. ಅವನಿಗೆ ಏನೂ ನೆನಪಿಲ್ಲ, ಇರುವುದು ಆ ವಿಡಿಯೋ ಒಂದೇ. ದಿನಕ್ಕೆ ಹತ್ತು ಸಲ ನೋಡುತ್ತಿದ್ದ. "ಅಮ್ಮಾ, ನೀನಿರೋವರೆಗೂ ನಂಗೇನೂ ಆಗಲ್ಲ," ಅಂತ ಗೊಗ್ಗರು ದನಿಯಲ್ಲಿ ಹೇಳಿದ. ಬೇರೆ ತಾಯಿಯಾಗಿದ್ದರೆ ಕಣ್ಣೀರು ಹಾಕಿ ಮುದ್ದಿಸುತ್ತಿದ್ದರು. ಅತ್ತೆ ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿ ನನ್ನ ಕಿವಿಗೆ ಬಾಯಿಟ್ಟು, "ನಂಗೆ ಭಯ ಆಗ್ತಿದೆ ಕಣೇ ಮೋನಿ. ಇದನ್ ನೋಡಿ ಇನ್ಯಾರೋ ಚಕ್ರಕ್ಕೆ ಕೈ ಕೊಡ್ತಾರೆ," ಅಂದರು. ಏನಾಗಲ್ಲ ಬಿಡಿ ಅತ್ತೆ ಅಂದೆ. ಅವರಿಗೆ ನಿದ್ದೆ ಹತ್ತಲಿಲ್ಲ.

ಒಂದು ಮಧ್ಯಾಹ್ನ ನಾವಿಬ್ಬರೂ ಜಗಲಿಯಲ್ಲಿ ಅಲಸಂದೆ ಕಾಯಿ ಸುಲಿಯುತ್ತಿದ್ದೆವು. ಅತ್ತೆಯ ಕೈ ನಿಂತಿತು. ಸೊಣ್ಣಮ್ಮನ ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ಓಡುವ ಮಗ್ಗದ ಪಕ್ಕ ಕೀರ್ತನ ನಿಂತಿದ್ದಳು, ದುಪಟ್ಟಾ ಬೇಕೆಂದೇ ಇಳಿಬಿಟ್ಟುಕೊಂಡು. ಮೊಬೈಲನ್ನು ನೂಲಿನ ಉಂಡೆಗೆ ಒರಗಿಸಿ ನಿಲ್ಲಿಸಿದ್ದಳು. ಅದರ ಕಡೆ ಗಂಭೀರವಾಗಿ ನೋಡುತ್ತಾ, ತಿರುಗುವ ಚಕ್ರದ ಹತ್ತಿರಕ್ಕೆ ಅಂಗೈ ಒಯ್ಯುತ್ತಿದ್ದಳು.

ಅತ್ತೆ ಕೂಗಿದರು. ನಾನೂ ಕೂಗಿದೆ. ಆ ಸದ್ದಿನಲ್ಲಿ ನಮ್ಮ ಕೂಗು ಯಾರಿಗೆ ಕೇಳಬೇಕು? ಕಾಯಿ ಸಿಪ್ಪೆಯೆಲ್ಲ ಚೆಲ್ಲಿಕೊಂಡು ಅತ್ತೆ ಓಡಿದರು, ಮೆಟ್ಟಿಲಿಗೂ ಗೋಡೆ ಹಿಡಿಯುವ ಹೆಂಗಸು. ಹುಡುಗಿಯ ಹತ್ತಿರ ಹೋಗಲಿಲ್ಲ. ಬಾಗಿಲಲ್ಲೇ ಇದ್ದ ಮೇನ್ ಎಳೆದರು.

ಸೊಣ್ಣಮ್ಮನ ಆರೂ ಮಗ್ಗ ನಿಂತವು. ಇನ್ನೊಬ್ಬರ ಶೆಡ್ಡಿಗೆ ನುಗ್ಗಿ ಓಡುವ ಮಗ್ಗ ಆರಿಸುವುದು ನಮ್ಮ ಬೀದಿಯಲ್ಲಿ ತಲೆತಲಾಂತರದ ಹಗೆ ಕಟ್ಟಿಕೊಳ್ಳುವ ಕೆಲಸ. "ಯಾರದು ಆರ್ಸಿದ್ದು?" ಅಂತ ಸೊಣ್ಣಮ್ಮ ಸೆರಗು ಕಟ್ಟಿಕೊಂಡು ಬಂದಳು.

"ಸುಮ್ನೆ ಹತ್ರ ಇಟ್ಟಿದ್ದೆ ಆಂಟಿ," ಅಂದಳು ಕೀರ್ತನ, ಮುಖ ಚಿಕ್ಕದು ಮಾಡಿಕೊಂಡು. "ನೀವೂ ನಿಲ್ಲಿಸಿದ್ರಲ್ಲ, ಬರೀ ಕೈಯಲ್ಲಿ."

ಅತ್ತೆ ಅವಳ ಅಂಗೈಯನ್ನು ತಮ್ಮ ಎರಡೂ ಕೈಯೊಳಗೆ ಹಿಡಿದುಕೊಂಡರು. "ನಾನು ನಿಲ್ಲಿಸ್ಲಿಲ್ಲ ಕಣಮ್ಮಾ. ನಿಂತಿತ್ತು. ನಾನ್ ಹಿಡಿಯೋ ಹೊತ್ಗೆ ಆಗ್ಲೇ ನಿಂತಿತ್ತು. ಕರೆಂಟ್ ಹೋಗಿತ್ತು ಅಷ್ಟೆ."

ಹೇಳಿ, ಹೊರಗೆ ಬಂದು, ಮುಂದಿನ ಶೆಡ್ಡಿಗೆ ಹೋದರು. ಅಲ್ಲಿಯ ಮೇನನ್ನೂ ಎಳೆದರು. "ನಾನ್ ನಿಲ್ಲಿಸ್ಲಿಲ್ಲ. ಕರೆಂಟ್ ಹೋಗಿತ್ತು. ಹೋಗ್ದೆ ಇದ್ದಿದ್ರೆ ನನ್ ಮಗ ಹೋಗ್ತಿದ್ದ. ಹೆಣ್ಮಕ್ಳಿಗೆ ಹೇಳಿ." ಅಲ್ಲಿಂದ ಎದುರು ಸಾಲಿಗೆ. ಜನ ಬೈದರು, ಒಬ್ಬ ಕೈಯಡ್ಡ ಹಿಡಿದ, ತಲೆ ಕೆಟ್ಟಿದೆ ಅಂದರು. ಅವರು ನಡುಗುತ್ತಲೇ ಇದ್ದರು, ನಿಲ್ಲಲಿಲ್ಲ. ಮಗ್ಗ ಆರಿಸಿಕೊಂಡ ಶೆಡ್ಡಿನವರು ಮತ್ತೆ ಹಾಕುವುದನ್ನೂ ಬಿಟ್ಟು ಅತ್ತೆಯ ಹಿಂದೆ ಬರುತ್ತಿದ್ದರು, ಮುಂದೇನು ಮಾಡುತ್ತಾರೋ ನೋಡಲು. ನಾನು ಅವರ ಹಿಂದೆಯೇ ಇದ್ದೆ. ಒಂದೊಂದೇ ಶೆಡ್ಡು ಸುಮ್ಮನಾಗಿ ಬೀದಿಯ ಸದ್ದು ತಗ್ಗುತ್ತಾ ಬಂತು, ಕೊನೆಗೆ ನಮ್ಮ ಚಪ್ಪಲಿ ಸದ್ದು ಕೇಳುವಷ್ಟಾಯಿತು.

ಕೊನೆಯ ಶೆಡ್ಡಿನ ಬಾಗಿಲಿಗೆ ಅಂಜನ್ ಓಡಿ ಬಂದ. "ಅಮ್ಮಾ, ಬಾ ಮನೆಗೆ. ಊರೆಲ್ಲ ಹೊಗಳ್ತಿದೆ, ನೀನ್ ನೋಡಿದ್ರೆ ಮರ್ಯಾದೆ ಕಳೀತಿದೀಯ. ನೀನೇ ಅಲ್ವೇನಮ್ಮಾ ನನ್ನ ಉಳಿಸಿದ್ದು?"

"ಯಾರೂ ಉಳಿಸ್ಲಿಲ್ಲ ಕಣೋ," ಅಂದರು ಅತ್ತೆ. ಆ ಮೌನದಲ್ಲಿ ಅವರ ಮಾತು ಬೀದಿಯ ಆ ತುದಿಗೂ ಕೇಳಿಸಿತು. "ಆ ಕರೆಂಟು ಇನ್ನೊಂದು ಗಳಿಗೆ ಇದ್ದಿದ್ರೆ ನಿನ್ ಹೆಣ ಬಿಡಿಸ್ಕೋತಿದ್ವಿ. ನಾನು ಚಕ್ರ ಹಿಡಿದಿದ್ರೆ ನನ್ ಕೈ ಹೋಗ್ತಿತ್ತು, ನೀನೂ ಹೋಗ್ತಿದ್ದೆ. ನನ್ ಕೈಲಿ ಆಗ್ತಿರ್ಲಿಲ್ಲ ಮಗಾ. ನಾನ್ ನಿನ್ನ ಅಮ್ಮ ಅಷ್ಟೆ. ನನ್ ಕೈಲಿ ಆಗ್ತಿರ್ಲಿಲ್ಲ."

ಅಂಜನ್‌ನ ಕೈ ಮೆಲ್ಲಗೆ ಕುತ್ತಿಗೆಗೆ ಹೋಯಿತು. ಆ ಸಂಜೆಯಿಂದ ಆವತ್ತಿನವರೆಗೆ ಒಂದು ಸಲವೂ ಹೆದರಿರದಿದ್ದವನು, ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ನಡುಗಲು ಶುರುಮಾಡಿದ. ಹಲ್ಲು ಕಟಕಟ ಅನ್ನುವುದು ನನಗೆ ಕೇಳಿಸುತ್ತಿತ್ತು. ಅತ್ತೆ ಪಕ್ಕದಲ್ಲಿ ಕೂತು ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡರು. ಬೈಯಲು ಹಿಂದೆ ಬಂದಿದ್ದವರೆಲ್ಲ ನಿಂತಲ್ಲೇ ನಿಂತಿದ್ದರು. ಅವನ ನಡುಕ ನಿಲ್ಲುವವರೆಗೆ ಬೀದಿಯಲ್ಲಿ ಒಬ್ಬರೂ ಮಗ್ಗ ಹಾಕಲಿಲ್ಲ.